ನಿವೃತ್ತಿಯ ನಂತರ ಆಸ್ಪತ್ರೆಯ ಕೆಲಸ: ಹಾಸನ ಜಿಲ್ಲೆಯ ಸೈನಿಕರಿಗೆ

ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ಆಸ್ಪತ್ರೆಯಲ್ಲೊಂದು ಕೆಲಸ ನೋಡಿಕೊಂಡರಾಯಿತು ಎಂದುಕೊಳ್ಳುವವರು ಅರಸೀಕೆರೆ, ಸಕಲೇಶಪುರದ ಕಡೆ ಕಡಿಮೆಯೇನಿಲ್ಲ. ಆದರೆ ಅದಕ್ಕೆ ಸಿದ್ಧತೆ ಆರಂಭವಾಗಬೇಕಾದುದು ಸೇವೆಯ ಕೊನೆಯ ಎರಡು ವರ್ಷಗಳಲ್ಲೇ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವು ಜೆಸಿಒ (ಸುಬೇದಾರರಂಥ ಕಿರಿಯ ಅಧಿಕಾರಿಗಳು) ಮತ್ತು ಇತರ ಶ್ರೇಣಿಯವರಿಗೆ ಏರ್ಪಡಿಸುವ, 24 ವಾರಗಳವರೆಗಿನ ತರಬೇತಿಗಳಿಗೆ ಯೂನಿಟ್ ಮೂಲಕ ಅರ್ಜಿ ಸಲ್ಲಿಸಬೇಕು. ಈ ಅವಧಿಯಲ್ಲಿ ಸಂಬಳವೂ ಬರುತ್ತಿರುತ್ತದೆ. ಹೆಚ್ಚಿನವರು ಸೆಕ್ಯೂರಿಟಿ ತರಬೇತಿಯನ್ನು ಆರಿಸಿಕೊಂಡು ಸುಮ್ಮನಾಗುತ್ತಾರೆ. ಆಸ್ಪತ್ರೆ ಆಡಳಿತ ಅಥವಾ ಉಗ್ರಾಣ ನಿರ್ವಹಣೆಯ ತರಬೇತಿ ಆ ವರ್ಷದ ಪಟ್ಟಿಯಲ್ಲಿದ್ದರೆ ಅದನ್ನೇ ಕೇಳಿ ಪಡೆಯುವುದು ಮೇಲು.

ಮೊದಲು ಸ್ಪಷ್ಟ ಮಾಡಿಕೊಳ್ಳಬೇಕಾದ ವಿಷಯವೆಂದರೆ, ಸೇನೆ ಕಲಿಸಿದ ಕೆಲಸಕ್ಕೂ ಹೊರಗಿನ ಕಾನೂನು ಮಾನ್ಯ ಮಾಡುವ ಅರ್ಹತೆಗೂ ನಡುವೆ ಇರುವ ಅಂತರ. ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಹದಿನೇಳು ವರ್ಷ ಡ್ರಿಪ್ ಹಾಕಿದವರೂ, ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಇಲ್ಲದಿದ್ದರೆ, ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಹಾಕಲಾಗದು. ಔಷಧ ವಿತರಣೆಗೆ 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಪ್ರಯೋಗಾಲಯ, ಎಕ್ಸ್‌ರೇ, ಆಪರೇಷನ್ ಥಿಯೇಟರ್ ತಂತ್ರಜ್ಞರಂಥ ವೃತ್ತಿಗಳೂ 2021ರಲ್ಲಿ ಬಂದ ಪ್ರತ್ಯೇಕ ರಾಷ್ಟ್ರೀಯ ಕಾಯ್ದೆಯ ವ್ಯಾಪ್ತಿಗೆ ಸೇರಿವೆ. ಇದು ಅನ್ಯಾಯವೆಂದು ಅನ್ನಿಸಬಹುದು, ನನಗೂ ಹಾಗೇ ಅನ್ನಿಸುತ್ತದೆ. ಆದರೂ ‘ಆರು ತಿಂಗಳಲ್ಲಿ ನರ್ಸಿಂಗ್ ಸರ್ಟಿಫಿಕೇಟ್’ ಎನ್ನುವ ಏಜೆಂಟರ ಕೈಗೆ ಗ್ರಾಚ್ಯುಟಿ ಹಣ ಕೊಡುವುದು ಅದಕ್ಕೆ ಪರಿಹಾರವಲ್ಲ.

ಸೇನೆಯ ಅರ್ಹತೆಯನ್ನೇ ನೇರವಾಗಿ ಒಪ್ಪುವ ಜಾಗವೆಂದರೆ, ಮಾಜಿ ಸೈನಿಕರು ಮತ್ತು ಅವರ ಕುಟುಂಬದವರ ಚಿಕಿತ್ಸೆಗಾಗಿ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಯೋಜನೆಯ ಪಾಲಿಕ್ಲಿನಿಕ್‌ಗಳು. ಇಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆಗೆ ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಆರೈಕೆ) ಡಿಪ್ಲೊಮಾ ಇಲ್ಲದವರೂ ಸಶಸ್ತ್ರ ಪಡೆಗಳ ಕ್ಲಾಸ್ ಒನ್ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್ ಮುಗಿಸಿದ್ದರೆ ಅರ್ಜಿ ಸಲ್ಲಿಸಬಹುದು; ಲ್ಯಾಬ್ ಟೆಕ್ನೀಷಿಯನ್ ಹುದ್ದೆಗೂ ಇಂಥದೇ ನಿಯಮವಿದೆ. ನೇಮಕ ಗುತ್ತಿಗೆಯದು, ಆದ್ದರಿಂದ ಇದನ್ನು ಕೊನೆಯ ನಿಲ್ದಾಣವೆಂದು ಭಾವಿಸದೆ, ಅಲ್ಲಿದ್ದುಕೊಂಡೇ ಮಾನ್ಯತೆಯಿರುವ ಡಿಪ್ಲೊಮಾದ ದಾರಿ ನೋಡುವುದು ಒಳಿತು.

ಸೇನೆಯಲ್ಲಿ ವೈದ್ಯಕೀಯ ಟ್ರೇಡ್ (ಕೆಲಸದ ವಿಭಾಗ) ಅಲ್ಲದವರಿಗೆ ಅವಕಾಶ ಇಲ್ಲವೆಂದಲ್ಲ. ನನ್ನ ಅಭಿಪ್ರಾಯದಲ್ಲಿ ಇವರಿಗೇ ದಾರಿ ಹೆಚ್ಚು ಸಲೀಸು. ಉದಾಹರಣೆಗೆ, ಸ್ಟೋರ್‌ಕೀಪರ್ ಆಗಿದ್ದ ಹವಾಲ್ದಾರರಿಗೆ ಲೆಡ್ಜರ್, ಸ್ಟಾಕ್ ಪರಿಶೀಲನೆ ಹೊಸದಲ್ಲ. ಆಸ್ಪತ್ರೆಯ ಉಗ್ರಾಣದಲ್ಲಿ ಕಲಿಯಬೇಕಾದ ವ್ಯತ್ಯಾಸವಿಷ್ಟೇ: ಮೊದಲು ಬಂದ ಪೆಟ್ಟಿಗೆಯಲ್ಲ, ಮೊದಲು ಅವಧಿ ಮುಗಿಯುವ ಪೆಟ್ಟಿಗೆ ಮುಂದಿನ ಸಾಲಿನಲ್ಲಿರಬೇಕು, ಲಸಿಕೆಯಿದ್ದ ಫ್ರಿಜ್ಜಿನ ಉಷ್ಣತೆಯನ್ನು ದಿನಕ್ಕೆರಡು ಬಾರಿ ಬರೆದಿಡಬೇಕು. ವಾರ್ಡ್ ಕೆಲಸಕ್ಕೆ ಸೇರುವವರು ತ್ಯಾಜ್ಯದ ಬಣ್ಣಗಳನ್ನು ಸಂದರ್ಶನಕ್ಕೆ ಮೊದಲೇ ಬಾಯಿಪಾಠ ಮಾಡಿಕೊಂಡಿರಲಿ. 2016ರ ನಿಯಮಗಳಂತೆ ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ, ಡ್ರಿಪ್ ಕೊಳವೆ ಕೆಂಪು ಚೀಲಕ್ಕೆ, ಸೂಜಿಯು, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜಿನ ಸೀಸೆ ನೀಲಿ ಪೆಟ್ಟಿಗೆಗೆ ಹೋಗುತ್ತದೆ. ಗುಡ್ಡಗಾಡಿನಲ್ಲಿ ಭಾರಿ ವಾಹನ ಓಡಿಸಿದ ಚಾಲಕರಿಗೆ ಆಂಬುಲೆನ್ಸ್ ಕೆಲಸ ಒಗ್ಗುತ್ತದೆ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ರೋಗಿಯನ್ನು ಮಂಗಳೂರಿಗೆ ಇಳಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ದಾಖಲೆಗಳಲ್ಲಿ, ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ ಮುಖ್ಯ. ಅದರಲ್ಲಿ ಟ್ರೇಡ್, ಮುಗಿಸಿದ ಕೋರ್ಸುಗಳು ಸರಿಯಾಗಿ ನಮೂದಾಗಿವೆಯೇ, ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ಗೆ ಹೊಂದುತ್ತದೆಯೇ ಎಂಬುದನ್ನು ರೆಕಾರ್ಡ್ ಆಫೀಸಿನ ಸಂಪರ್ಕ ಸುಲಭವಾಗಿರುವಾಗಲೇ ನೋಡಿಕೊಳ್ಳಿ. ಇನಿಷಿಯಲ್ ಹಿಂದೆಮುಂದಾದರೂ ಮುಂದೆ ಅಲೆದಾಟ ತಪ್ಪದು. ಹಾಸನಕ್ಕೆ ಬಂದ ಕೂಡಲೇ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮಾಜಿ ಸೈನಿಕರ ಗುರುತಿನ ಚೀಟಿ ಪಡೆದು, ಉದ್ಯೋಗಕ್ಕೂ ಹೆಸರು ನೋಂದಾಯಿಸಿ.

ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿಯಿದೆ; ವಯೋಮಿತಿಗೆ ಸೇವೆ ಸಲ್ಲಿಸಿದ ವರ್ಷಗಳ ಜೊತೆಗೆ ಮೂರು ವರ್ಷ ಸೇರುತ್ತದೆ. ಹದಿನೈದು ವರ್ಷ ಸೇವೆಯ ಆಧಾರದ ಪದವಿ ಸಮಾನತೆಯ ಪ್ರಮಾಣಪತ್ರ ಗುಮಾಸ್ತಿಕೆಯಂಥ ಹುದ್ದೆಗೆ ನೆರವಾಗಬಹುದೇ ಹೊರತು ತಾಂತ್ರಿಕ ಅರ್ಹತೆ ಕೇಳುವಲ್ಲಿ ನಡೆಯದು.

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇರಲಿ, ಖಾಸಗಿ ನರ್ಸಿಂಗ್ ಹೋಮೇ ಇರಲಿ, ಹೊರಗುತ್ತಿಗೆಯ ಮೂಲಕ ಸೇರುವುದಾದರೆ ಆ ಮೀಸಲಾತಿಯ ಮಾತು ಬಿಡಿ. ಅಂಥಲ್ಲಿ ನೇಮಕಾತಿ ಪತ್ರ ಯಾರ ಹೆಸರಿನಲ್ಲಿದೆ, ಪಿಎಫ್ ಖಾತೆ ತೆರೆಯುತ್ತಾರೆಯೇ, ರಾತ್ರಿ ಪಾಳಿ ಎಷ್ಟು ಎಂಬುದನ್ನು ಬರಹದಲ್ಲಿ ನೋಡಿಯೇ ಸಹಿ ಮಾಡಿ. ‘ನಿಮಗೆ ಪಿಂಚಣಿ ಬರುತ್ತದಲ್ಲ’ ಎಂದು ಸಂಬಳ ಇಳಿಸಲು ನೋಡಿದರೆ, ಪಿಂಚಣಿ ಹಿಂದಿನ ಸೇವೆಗೆ ಸಂದದ್ದು, ಸಂಬಳ ಈ ಕೆಲಸಕ್ಕೆ ಸಲ್ಲಬೇಕಾದದ್ದು ಎಂದು ಹೇಳಲು ಸಂಕೋಚ ಬೇಡ.