ಅರಗಿನ ಪಾಲಿಶ್: ನೀವೇ ಕಲಸಿ, ನೀವೇ ಹಚ್ಚಿ

ಮನೆಯಲ್ಲಿ ಹಳೆಯ ಮರದ ಪೆಟ್ಟಿಗೆಯೋ ಕುರ್ಚಿಯೋ ಇದ್ದರೆ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ಹತ್ತಿಗೆ ಒಂದೆರಡು ಹನಿ ಮೆಥಿಲೇಟೆಡ್ ಸ್ಪಿರಿಟ್ (ಪಾಲಿಶ್ ಕೆಲಸಕ್ಕೆ ಬಳಸುವ ಆಲ್ಕೋಹಾಲ್) ಹಾಕಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಉಜ್ಜಿ. ಪಾಲಿಶ್ ಮೆತ್ತಗಾಗಿ ಅಂಟಂಟಾಯಿತಾ? ಹಾಗಿದ್ದರೆ ಅದು ಬಹುತೇಕ ಅರಗು, ಅಂದರೆ ಶೆಲ್ಲಾಕ್. ಅದನ್ನು ಪೂರ್ತಿ ಕೆರೆದು ತೆಗೆಯುವ ಕಷ್ಟ ನಿಮಗಿಲ್ಲ. ಧೂಳು, ಜಿಡ್ಡು ಒರೆಸಿ ಹಳೆಯದರ ಮೇಲೇ ಹೊಸದನ್ನು ಹಚ್ಚಬಹುದು. ಹೊಸ ಪಾಲಿಶಿನ ಸ್ಪಿರಿಟ್ ಹಳೆಯ ಪದರವನ್ನು ತುಸು ಕರಗಿಸುತ್ತದೆ, ಎರಡೂ ಬೆಸೆದು ಒಂದಾಗುತ್ತವೆ. ಒಣಗಿ ಗಟ್ಟಿಯಾದ ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್ ಥರದ ವಾರ್ನಿಷ್, ಹೀಗೆ ಬೆಸೆಯುವುದಿಲ್ಲ. ತಪ್ಪಾದರೂ ತಿದ್ದಿಕೊಳ್ಳಬಹುದು ಅನ್ನುವ ಈ ಗುಣಕ್ಕಾಗಿಯೇ, ಹೊಸದಾಗಿ ಮರಗೆಲಸ ಕಲಿಯುವವರು ಅರಗಿನಿಂದ ಶುರು ಮಾಡಬೇಕು ಅನ್ನುತ್ತೇನೆ.

ಅರಗು ಬರುವುದು ಒಂದು ಪುಟ್ಟ ಹುಳದಿಂದ. ಭಾರತ, ಥಾಯ್ಲೆಂಡ್ ಕಡೆ ಮುತ್ತುಗ, ಬೋರೆಯಂಥ ಮರಗಳ ಎಳೆ ಕೊಂಬೆಗಳಲ್ಲಿ ಈ ಹುಳಗಳು ಸಾವಿರಗಟ್ಟಲೆ ಕೂತು ರಸ ಹೀರುತ್ತವೆ, ಮೈಮೇಲೆ ರಾಳದ ಗೂಡು ಕಟ್ಟಿಕೊಳ್ಳುತ್ತವೆ. ಆ ಗೂಡನ್ನು ಕೆರೆದು, ಪುಡಿ ಮಾಡಿ, ತೊಳೆದು ಕೆಂಪು ಬಣ್ಣ ತೆಗೆಯುತ್ತಾರೆ. ಆಮೇಲೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಹಾಳೆಯ ಹಾಗೆ ಎಳೆದು ಮುರಿದರೆ ಚಕ್ಕೆ ಸಿದ್ಧ.

ಈಗ ಕಲಸುವುದು. 100 ಮಿಲಿ ಸ್ಪಿರಿಟ್‌ಗೆ 12 ಗ್ರಾಂ ಚಕ್ಕೆ ಹಾಕಿದರೆ ತೆಳು ಪಾಲಿಶ್, 24 ಗ್ರಾಂ ಹಾಕಿದರೆ ಮಂದ. ಮೊದಲ ಸಲಕ್ಕೆ ತೆಳುವೇ ಸರಿ. ಗಾಜಿನ ಬಾಟಲಿಯಲ್ಲೇ ಕಲಸಿ. ಕಬ್ಬಿಣದ ಡಬ್ಬಿ ಬೇಡ, ಬಣ್ಣ ಕಪ್ಪಾಗುತ್ತದೆ. ಚಕ್ಕೆ ತಳದಲ್ಲಿ ಗಟ್ಟಿಯಾಗಿ ಕೂರದ ಹಾಗೆ ಆಗಾಗ ಅಲ್ಲಾಡಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಬಾಟಲಿಯ ಮೇಲೆ ತಾರೀಕು ಬರೆಯುವುದನ್ನು ಮಾತ್ರ ಮರೆಯಬೇಡಿ, ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಮೆಥಿಲೇಟೆಡ್ ಸ್ಪಿರಿಟ್ ವಿಷ, ಬೇಗ ಬೆಂಕಿಯೂ ಹಿಡಿಯುತ್ತದೆ. ಕಿಟಕಿ ತೆರೆದಿಡಿ, ಹತ್ತಿರದಲ್ಲಿ ಒಲೆ, ದೀಪ ಇರಬಾರದು. ಮಕ್ಕಳ ಕೈಗೂ ಸಿಗಬಾರದು.

ಬರಿ ಮರವಾದರೆ 220 ನಂಬರಿನ ಸ್ಯಾಂಡ್ ಪೇಪರ್‌ನಿಂದ ಎಳೆಯ ಗುಂಟ ಉಜ್ಜಿ ಧೂಳು ಒರೆಸಿ. ಒಂದು ಉಂಡೆ ಹತ್ತಿಯನ್ನು ಹಳೆಯ ಕಾಟನ್ ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿ. ತಳ ನಯವಾಗಿರಲಿ, ಸುಕ್ಕು ಇದ್ದರೆ ಗೆರೆ ಬೀಳುತ್ತದೆ. ಹತ್ತಿಗೆ ಪಾಲಿಶ್ ಕುಡಿಸಿ, ಹಿಂಡಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿಗೆ ಎಳೆಯಿರಿ. ಕೈ ಮಧ್ಯದಲ್ಲಿ ನಿಲ್ಲಬಾರದು. ಒಂದು ಕಡೆ ಬಿಟ್ಟುಹೋಯಿತು ಅಂತ ಹಸಿ ಪಾಲಿಶಿನ ಮೇಲೆ ತಕ್ಷಣ ವಾಪಸ್ ಹೋಗಲೂಬಾರದು. ಎಲ್ಲರೂ ಎಡವುವುದು ಇಲ್ಲೇ. ಬಿಟ್ಟ ಜಾಗವನ್ನು ಮುಂದಿನ ಪದರ ತುಂಬಿಕೊಳ್ಳುತ್ತದೆ, ಸುಮ್ನೆ ಬಿಡಿ. ಒಂದು ಗಂಟೆ ಒಣಗಿದ ಮೇಲೆ 400 ನಂಬರಿನ ಪೇಪರ್‌ನಿಂದ ಹಗುರವಾಗಿ ಸವರಿ ಎರಡನೆಯದನ್ನು ಹಚ್ಚಿ. ಮೂರು ನಾಲ್ಕು ಪದರಕ್ಕೆ ಮರದೊಳಗಿಂದಲೇ ಬೆಳಕು ಬಂದ ಹಾಗೆ ಕಾಣುತ್ತದೆ. ಆ ಹೊಳಪು ನನಗೆ ಬೇರೆ ಯಾವ ಪಾಲಿಶಿನಲ್ಲೂ ಸಿಕ್ಕಿಲ್ಲ.

ಮಳೆ ಜೋರಾಗಿರುವ ದಿನ ಈ ಕೆಲಸ ಬೇಡ. ನಾನೊಮ್ಮೆ ಆತುರಪಟ್ಟು ಹಚ್ಚಿ, ಪೆಟ್ಟಿಗೆಯ ಇಡೀ ಮುಚ್ಚಳ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಸ್ಪಿರಿಟ್ ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಬಂದು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಒಣ ಹವೆ ಇರುವ ದಿನ ನೋಡಿ, ಸ್ಪಿರಿಟ್ ಸೋಕಿಸಿದ ಬಟ್ಟೆಯಿಂದ ಹಗುರವಾಗಿ ಒರೆಸಿದೆ. ಬಿಳುಪು ಹೋಯಿತು.

ಊಟದ ಮೇಜಿಗೆ ಮಾತ್ರ ಇದನ್ನು ಹಚ್ಚಬೇಡಿ. ಬಿಸಿ ಪಾತ್ರೆ ಇಟ್ಟರೆ ಮೆತ್ತಗಾಗುತ್ತದೆ, ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ, ಅಮೋನಿಯಾ ಇರುವ ಕ್ಲೀನರ್ ತಗುಲಿದರೆ ಪಾಲಿಶೇ ಎದ್ದುಬರುತ್ತದೆ. ಪೆಟ್ಟಿಗೆ, ಚಿತ್ರದ ಚೌಕಟ್ಟು, ಪುಸ್ತಕದ ಕಪಾಟಿಗೆ ಇದು ಚೆನ್ನ. ಮೇಲೆ ಪಾಲಿಯುರೆಥೇನ್ ಹಚ್ಚುವ ಯೋಚನೆ ಇದ್ದರೆ ಮೇಣ ತೆಗೆದ ಚಕ್ಕೆಯನ್ನೇ ಕೇಳಿ ತನ್ನಿ. ಅರಗಿನಲ್ಲಿ ಮೇಣ ಉಳಿದಿದ್ದರೆ ಪಾಲಿಯುರೆಥೇನ್ ಸರಿಯಾಗಿ ಹಿಡಿಯುವುದಿಲ್ಲ.

ಕೆಲಸ ಮುಗಿದು ಬಾಟಲಿಯಲ್ಲಿ ಸ್ವಲ್ಪ ಉಳಿಯುತ್ತದೆ ಅಲ್ವಾ? ಮರದ ಗಂಟುಗಳಿಗೆ ಸವರಿ, ಒಳಗಿನ ರಾಳ ಒಸರಿ ಬಣ್ಣ ಕೆಡುವುದು ತಪ್ಪುತ್ತದೆ. ಪ್ಲಾಸ್ಟರ್ ಗೊಂಬೆಗೆ ಬಣ್ಣ ಹಚ್ಚುವ ಮೊದಲು ಒಂದು ಕೈ ಹಚ್ಚಿದರೆ ಅದು ಬಣ್ಣ ಹೀರುವುದಿಲ್ಲ. ಬಿಚ್ಚಿಕೊಂಡ ಶೂ ಲೇಸಿನ ತುದಿಯನ್ನು ಅದ್ದಿ ಒಣಗಿಸಿದರೆ ಮತ್ತೆ ಗಟ್ಟಿ.

ಅರಗು ನಾವು ಗಮನಿಸದೇ ಎಲ್ಲೆಲ್ಲೋ ಇದೆ. ಕೆಲವು ಮಾತ್ರೆ, ಮಿಠಾಯಿಗಳ ಮೇಲಿನ ಹೊಳಪು ಅದೇ. ತಿನಿಸಿನ ಪೊಟ್ಟಣದಲ್ಲಿ ಇ904 ಅಂತ ಕಂಡರೆ ಅದು ಅರಗು. ಟೊಳ್ಳು ಒಡವೆ ತಗ್ಗಾಗದಂತೆ ಒಳಗೆ ತುಂಬುವುದು, ಕಾಗದ ಪತ್ರಕ್ಕೆ ಮುದ್ರೆ ಒತ್ತುವುದು ಇದರಿಂದಲೇ. ಕೀಲಿ ಕೊಡುವ ಗಡಿಯಾರದೊಳಗೆ ಸಾಸಿವೆಗಿಂತ ಚಿಕ್ಕ ಕಲ್ಲನ್ನು ಹಿಡಿದಿಡುವುದೂ ಒಂದು ಚೂರು ಅರಗು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮಫೋನ್ ತಟ್ಟೆಗಳಲ್ಲಿ ಕಲ್ಲಿನ ಪುಡಿಯನ್ನು ಅಂಟಿಸಿಟ್ಟದ್ದು ಅರಗೇ. ಬಿದ್ದರೆ ಚೂರಾಗುತ್ತಿದ್ದವು. 1948ರಲ್ಲಿ ವಿನೈಲ್ ಪ್ಲಾಸ್ಟಿಕ್ಕಿನ ಎಲ್‌ಪಿ ತಟ್ಟೆ ಬಂದ ಮೇಲೆ ನಿಧಾನಕ್ಕೆ ಮರೆಯಾದವು.

ತಾರೀಕಿನ ವಿಷಯ. ಕಲಸಿಟ್ಟ ಅರಗು ಸುಮಾರು ಆರು ತಿಂಗಳು ಬಾಳುತ್ತದೆ. ಹಳೆಯದಾದ ಹಾಗೆ ಒಣಗುವ ಶಕ್ತಿ ಕಳೆದುಕೊಳ್ಳುತ್ತದೆ. ಅನುಮಾನ ಬಂದರೆ ಗಾಜಿನ ಮೇಲೆ ಒಂದು ಹನಿ ತೆಳ್ಳಗೆ ಸವರಿ ಮರುದಿನ ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ ಅದನ್ನು ಬಿಟ್ಟು ಹೊಸದಾಗಿ ಕಲಸಿಕೊಳ್ಳಿ.