ಬ್ರ್ಯಾಂಡ್ ಹೆಡ್‌ಫೋನ್ ಮಾರ್ಪಡಿಸಿ ಮಾರುವಾಗ ಲೋಗೊ ಇರಬೇಕೆ, ಹೋಗಬೇಕೆ?

ದುಡ್ಡು ಕೊಟ್ಟು ಕೊಂಡ ಹೆಡ್‌ಫೋನ್ ಬಿಚ್ಚಲು ಯಾರ ಅಪ್ಪಣೆಯೂ ಬೇಕಿಲ್ಲ. ಇದ್ದಂತೆಯೇ ಮರುಮಾರಾಟ ಮಾಡಿದರೂ ಸಾಮಾನ್ಯವಾಗಿ ತಕರಾರಿಲ್ಲ. ತೊಡಕು ಶುರುವಾಗುವುದು ಒಳಗನ್ನು ಬದಲಿಸಿ ಅದೇ ಹೆಸರಿನಲ್ಲಿ ಮಾರಿದಾಗ. ಭಾರತದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 30(4)ರ ಪ್ರಕಾರ, ಮಾರುಕಟ್ಟೆಗೆ ಬಂದ ಮೇಲೆ ಮಾಲಿನ ಸ್ಥಿತಿ ಬದಲಾಗಿದ್ದರೆ ಟ್ರೇಡ್‌ಮಾರ್ಕ್‌ನ ಒಡೆಯ ಆಕ್ಷೇಪಿಸಬಹುದು. ಐರೋಪ್ಯ ಒಕ್ಕೂಟದ ನಿಯಮವೂ ಹೆಚ್ಚುಕಡಿಮೆ ಹೀಗೇ ಇದೆ.

ನಾನು ಹೆಚ್ಚಾಗಿ ಮಾಡುವುದು ಕೇಬಲ್ ಕೆಲಸ: ಕಿವಿಯ ಕಪ್‌ನಿಂದಲೇ ಹೊರಡುವ ಕೇಬಲ್ ತೆಗೆದು, ಬೇಕಾದ ಕೇಬಲ್ ಸಿಕ್ಕಿಸಲು 3.5 ಮಿಮೀ ಜ್ಯಾಕ್ ಕೂರಿಸುವುದು. ಮೊದಲು ಡ್ರೈವರ್, ಅಂದರೆ ಸದ್ದು ಹೊರಡಿಸುವ ಭಾಗ, ಹೊರತೆಗೆದು ದೂರ ಇಡುತ್ತೇನೆ. ಕೊರೆಯುವಾಗ ಮೇಜಿನ ಮೇಲಿನ ಕಬ್ಬಿಣದ ಚೂರು ಅದರ ಅಯಸ್ಕಾಂತಕ್ಕೆ ಅಂಟಿದರೆ ಬೇಸ್ ಬಂದಾಗಲೆಲ್ಲ ಗರಗರ ಸದ್ದು ಬರುತ್ತದೆ, ಆಮೇಲೆ ತೆಗೆಯುವುದು ಬಹಳ ಕಷ್ಟ. ಜ್ಯಾಕ್‌ನ ಕತ್ತು 6 ಮಿಮೀ ಇದ್ದರೆ 2, 4, 6 ಎಂದು ಮೂರು ಸಲ ಕೊರೆಯಬೇಕು. ಒಂದೇ ಏಟಿಗೆ 6 ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಬೆಸುಗೆಗೆ ಸುಮಾರು 330 ಡಿಗ್ರಿ, ಮುಟ್ಟುವುದು ಎರಡು ಸೆಕೆಂಡ್. ಜಾಸ್ತಿ ಹೊತ್ತು ಹಿಡಿದರೆ ಟರ್ಮಿನಲ್ ಕೂತಿರುವ ಪ್ಲಾಸ್ಟಿಕ್ ಕರಗಿ, ಕಾಯಿಲ್‌ನ ಕೂದಲೆಳೆ ತಂತಿ ಕಿತ್ತುಹೋಗುತ್ತದೆ. ಬೆಸುಗೆ ಕಡ್ಡಿಯ ತುದಿಯನ್ನೂ ಅಯಸ್ಕಾಂತ ಎಳೆಯುತ್ತದೆ, ಕೈ ಗಟ್ಟಿಯಾಗಿ ಊರಿಕೊಳ್ಳಿ. ಜ್ಯಾಕ್‌ನಲ್ಲಿ ತುದಿ ಎಡಕ್ಕೆ, ನಡುವಿನ ಬಳೆ ಬಲಕ್ಕೆ, ಬುಡ ಗ್ರೌಂಡ್‌ಗೆ. ಮುಗಿದ ಮೇಲೆ ಮೊನೊ ಧ್ವನಿ (ಎರಡೂ ಕಿವಿಗೆ ಒಂದೇ ಸದ್ದು) ಹಾಕಿ ಕೇಳಿ: ಮಾತು ತಲೆಯ ನಡುವೆ ನಿಲ್ಲದೆ ಎರಡೂ ಬದಿಗೆ ಚದುರಿ, ಬೇಸ್ ಸೊರಗಿದ್ದರೆ ಒಂದು ಬದಿಯ ತಂತಿಗಳು ಅದಲುಬದಲಾಗಿವೆ.

ಇಷ್ಟು ಮಾಡಿದ್ದಕ್ಕೆ ನಾನು ಲೋಗೊ ತೆಗೆಯುವುದಿಲ್ಲ. ಆದರೆ ಕಪ್‌ನ ಹೊರಮೈ ಮೇಲೆ, ಲೋಗೊ ಹತ್ತಿರವೇ, 'ಮಾರ್ಪಡಿಸಿದ್ದು – ಜ್ಯಾಕ್ – ತಯಾರಕರ ಕೆಲಸವಲ್ಲ' ಎಂದು ಕೆತ್ತುತ್ತೇನೆ. ಸ್ಟಿಕ್ಕರ್ ಬೆವರಿಗೆ ಎದ್ದುಹೋಗುತ್ತದೆ. ಕಿವಿಗೆ ಒತ್ತುವ ಪ್ಯಾಡ್ ಅಡಿಯಲ್ಲಿ ಬರೆದರೆ ಯಾರ ಕಣ್ಣಿಗೂ ಬೀಳದು. ಅಮೆರಿಕದ ಸುಪ್ರೀಂ ಕೋರ್ಟ್ 1947ರಲ್ಲಿ ಚಾಂಪಿಯನ್ ಸ್ಪಾರ್ಕ್ ಪ್ಲಗ್ ಪ್ರಕರಣದಲ್ಲಿ ರಿಪೇರಿ ಮಾಡಿದ ಪ್ಲಗ್‌ಗಳು ಹಳೆಯ ಹೆಸರು ಉಳಿಸಿಕೊಳ್ಳಲು ಬಿಟ್ಟಿತು, ಆದರೆ ರಿಪೇರಿಯದು ಎಂದು ಪ್ಲಗ್ ಮೇಲೆಯೇ ಕಾಣಬೇಕಿತ್ತು. ಬದಲಾವಣೆ ತೀರಾ ದೊಡ್ಡದಾದರೆ 'ರಿಪೇರಿ' ಎಂದು ಬರೆದರೂ ಹಳೆಯ ಹೆಸರು ಸಲ್ಲದು ಎಂಬ ಮಾತೂ ಆ ತೀರ್ಪಿನಲ್ಲಿದೆ. ಅದನ್ನು ಬಹಳ ಜನ ಓದದೆ ಬಿಡುತ್ತಾರೆ. ಅಲ್ಲಿನದೇ ಮೇಲ್ಮನವಿ ಕೋರ್ಟಿನ 1999ರ ರೋಲೆಕ್ಸ್–ಮಿಷೆಲ್ ಪ್ರಕರಣದಲ್ಲಿ ಬೇರೆಯವರ ಬಿಡಿಭಾಗ ಹಾಕಿದ ಗಡಿಯಾರಗಳಲ್ಲಿ ರೋಲೆಕ್ಸ್ ಗುರುತು ಉಳಿಸಿದ್ದೇ ತಪ್ಪಾಯಿತು: ಮೊದಲ ಗಿರಾಕಿಗೆ ನಿಜ ಗೊತ್ತಿದ್ದರೂ ಅವನಿಂದ ಕೊಳ್ಳುವವನಿಗೆ ಗೊತ್ತಿರದು. ನಮ್ಮ ಜಾಹೀರಾತು, ಬಿಲ್ಲು ಆ ಎರಡನೆಯವನ ಕೈಗೆ ಹೋಗುವುದಿಲ್ಲ, ಹೆಡ್‌ಫೋನ್ ಮಾತ್ರ ಹೋಗುತ್ತದೆ.

ಆದ್ದರಿಂದ ಕಪ್, ಡ್ಯಾಂಪಿಂಗ್ (ಒಳಗಿನ ಸದ್ದು ಹೀರುವ ಪದರ), ಪ್ಯಾಡ್ ಎಲ್ಲ ಬದಲಾಗಿ ಧ್ವನಿಯೇ ಬೇರೆಯಾದರೆ ಲೋಗೊ ತೆಗೆದೇಬಿಡುತ್ತೇನೆ. ಹಾಗೆಂದು ನನ್ನ ಹೆಸರನ್ನಷ್ಟೇ ಹಾಕಿ ಡ್ರೈವರ್ ಯಾರದು ಎಂದು ಮುಚ್ಚಿಟ್ಟರೆ ಅದು ಇನ್ನೊಂದು ಮೋಸ, ಬೇರೆಯವರ ಸರಕನ್ನು ನನ್ನದೆಂದು ದಾಟಿಸಿದಂತೆ. 'ಒಳಗಿನ ಡ್ರೈವರ್ ಫೋಸ್ಟೆಕ್ಸ್ ಟಿ50ಆರ್‌ಪಿಯದು' ಎಂದು ಸಾದಾ ಅಕ್ಷರದಲ್ಲಿ, ಅವರ ಲೋಗೊ ಚಿತ್ರವಿಲ್ಲದೆ, ವಿವರಣೆಯಲ್ಲಿ ಬರೆದರೆ ಸಾಕು. ಅಮೆರಿಕದ ಹೆಡ್‌ಫೋನ್ ಕಂಪನಿಗಳಾದ ಮಿಸ್ಟರ್‌ಸ್ಪೀಕರ್ಸ್, ಜೆಡ್‌ಎಂಎಫ್ ಎರಡೂ ಫೋಸ್ಟೆಕ್ಸ್‌ನ ಅದೇ ಮಾಡೆಲ್ ಮಾರ್ಪಡಿಸಿ ಸ್ವಂತ ಹೆಸರಿನಲ್ಲಿ ಮಾರುತ್ತ ಬೆಳೆದವು.

ಸೀರಿಯಲ್ ನಂಬರ್ ಕೆರೆಯಬೇಡಿ, ಕದ್ದ ಮಾಲಿನಂತೆ ಕಾಣುತ್ತದೆ. ಲೋಗೊ ಅಚ್ಚಾದ ನಕಲಿ ಪ್ಯಾಡ್ ಹಾಕಿದರೆ ಅದು ನೇರ ನಕಲಿ ಮಾಲು, ಯಾವ ಬರಹವೂ ಕಾಪಾಡದು. ಮೂಲ ಡಬ್ಬಿಯಲ್ಲಿ ಹೊಸದೆಂಬಂತೆ ಪ್ಯಾಕ್ ಮಾಡುವುದೂ ಬೇಡ. ತಯಾರಕರ ವಾರಂಟಿಯನ್ನು ನಂಬಿಕೊಳ್ಳಬೇಡಿ ಎಂದು ಗಿರಾಕಿಗೆ ಮೊದಲೇ ಹೇಳಿ. ವೈರ್‌ಲೆಸ್ ಮಾಡೆಲ್‌ಗಳಿಗೆ ನಾನು ಕೈ ಹಾಕುವುದಿಲ್ಲ. ರೇಡಿಯೊ ಪ್ರಮಾಣಪತ್ರ ಸಿಕ್ಕಿರುವುದು ಮೂಲ ವಿನ್ಯಾಸಕ್ಕೆ. ಆಂಟೆನಾ ಪಕ್ಕ ತಾಮ್ರದ ಹಾಳೆ ಅಂಟಿಸಿದರೂ ಅದರ ನಡತೆ ಬದಲಾಗುತ್ತದೆ.

'ಕೆತ್ತನೆ ಬೇಡ, ನೋಡಲು ಚೆನ್ನಾಗಿರಲ್ಲ' ಎನ್ನುವ ಗಿರಾಕಿಗಳಿರುತ್ತಾರೆ. ಅವರದೇ ಹೆಡ್‌ಫೋನ್ ಆದರೆ ಕೂಲಿ ತೆಗೆದುಕೊಂಡು ಕೆಲಸ ಮಾಡಿಕೊಡುತ್ತೇನೆ, ಮಾಡಿದ್ದನ್ನೆಲ್ಲ ಬಿಲ್ಲಿನಲ್ಲಿ ಬರೆಯುತ್ತೇನೆ. ನನ್ನ ಮಾಲಾದರೆ ಕೆತ್ತದೆ ಕೊಡುವುದಿಲ್ಲ.