ಕಷ್ಟದ ವಿಷಯ ಮೊದಲಾ, ಸುಲಭದ್ದು ಮೊದಲಾ? ನಾನು ಓದಿದ ರೀತಿ

ಕಷ್ಟದ್ದನ್ನು ಮೊದಲು ಮುಗಿಸಿಬಿಡು, ಆಮೇಲೆ ಎಲ್ಲ ಹಗುರ ಅನ್ನುವವರು ಒಂದು ಕಡೆ. ಸುಲಭದ್ದರಿಂದ ಶುರು ಮಾಡು, ಧೈರ್ಯ ಬರುತ್ತೆ ಅನ್ನುವವರು ಇನ್ನೊಂದು ಕಡೆ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುವಾಗ ಎರಡೂ ಸಲಹೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ಎರಡೂ ಸುಳ್ಳಲ್ಲ. ಆದರೆ ಒಂದು ವಿಷಯ ಯಾಕೆ ಕಷ್ಟ, ಪರೀಕ್ಷೆಗೆ ಇನ್ನೆಷ್ಟು ಸಮಯ ಇದೆ ಅನ್ನುವ ಎರಡು ಪ್ರಶ್ನೆಗಳನ್ನು ಇಬ್ಬರೂ ಕೇಳುವುದಿಲ್ಲ. ನಾನು ಓದಿನ ಕ್ರಮ ಹಾಕಿಕೊಂಡಿದ್ದು ಈ ಎರಡು ಪ್ರಶ್ನೆಗಳ ಮೇಲೆ.

ಒಂದು ಸೆಮಿಸ್ಟರ್‌ನಲ್ಲಿ ನನಗೆ ಕಂಟ್ರೋಲ್ ಸಿಸ್ಟಮ್ಸ್ ಕಷ್ಟ, ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಕಷ್ಟ, ಮ್ಯಾನೇಜ್‌ಮೆಂಟ್ ಪೇಪರ್ ಕೂಡ ಕಷ್ಟ. ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ನಿಜವಾಗಲೂ ಆಳವಾದ ವಿಷಯ. ಕಣ್ಣಿಗೆ ಕಾಣದ ಕ್ಷೇತ್ರವನ್ನು ಮೂರು ಆಯಾಮದಲ್ಲಿ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಅದಕ್ಕೆ ತಲೆ ಚುರುಕಾಗಿರುವ ಹೊತ್ತೇ ಬೇಕು, ಅಡ್ಡದಾರಿ ಇಲ್ಲ. ಮ್ಯಾನೇಜ್‌ಮೆಂಟ್‌ನಲ್ಲಿ ಅರ್ಥವಾಗದ್ದು ಏನೂ ಇಲ್ಲ. ಸುಮ್ನೆ ಬೋರು, ನೆನಪಿಡಬೇಕಾದ ಪಾಯಿಂಟ್‌ಗಳು ಜಾಸ್ತಿ. ಇವೆರಡನ್ನೂ 'ಕಷ್ಟದ್ದು ಮೊದಲು' ಅನ್ನುವ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಬೆಳಗಿನ ಒಳ್ಳೆಯ ಹೊತ್ತು ಪಾಯಿಂಟ್ ಬಾಯಿಪಾಠ ಮಾಡುವುದಕ್ಕೇ ಹೋಗುತ್ತೆ.

ಕಂಟ್ರೋಲ್ ಸಿಸ್ಟಮ್ಸ್ ಕಥೆ ಬೇರೆ. ಅದು ಕಷ್ಟ ಅಂತ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಕೂತು ಒಂದೊಂದೇ ಲೆಕ್ಕ ಬಿಡಿಸುತ್ತಾ ಹೋದಾಗ, ನಾನು ಎಡವುತ್ತಿದ್ದುದು ಆ ವಿಷಯದಲ್ಲೇ ಅಲ್ಲ ಅಂತ ಗೊತ್ತಾಯಿತು. ಟ್ರಾನ್ಸ್‌ಫರ್ ಫಂಕ್ಷನ್ (ಸಿಸ್ಟಮ್‌ನ ಇನ್‌ಪುಟ್, ಔಟ್‌ಪುಟ್ ಸಂಬಂಧ ಹೇಳುವ ಸೂತ್ರ) ಬರೆಯುವವರೆಗೆ ಸರಿ. ಅಲ್ಲಿಂದ ಇನ್ವರ್ಸ್ ಲ್ಯಾಪ್ಲಾಸ್ ತೆಗೆಯಬೇಕು, ಅಂದರೆ ಅದನ್ನು ಮತ್ತೆ ಸಮಯದ ಲೆಕ್ಕಕ್ಕೆ ತರಬೇಕು. ಅದಕ್ಕೆ ಛೇದವನ್ನು ಅಪವರ್ತಿಸಿ ಪಾರ್ಶಿಯಲ್ ಫ್ರ್ಯಾಕ್ಷನ್ಸ್ ಮಾಡಬೇಕು, ಅಂದರೆ ದೊಡ್ಡ ಭಿನ್ನರಾಶಿಯನ್ನು ಚಿಕ್ಕ ಚಿಕ್ಕ ಭಿನ್ನರಾಶಿಗಳಾಗಿ ಒಡೆಯಬೇಕು. ಅಲ್ಲೇ ಕೈ ನಿಲ್ಲುತ್ತಿತ್ತು. ಅಂದರೆ ಕೊರತೆ ಇದ್ದದ್ದು ಹಳೆಯ ಗಣಿತದಲ್ಲಿ. ಪಾರ್ಶಿಯಲ್ ಫ್ರ್ಯಾಕ್ಷನ್ಸ್ ಮತ್ತು ಲ್ಯಾಪ್ಲಾಸ್ ಟೇಬಲ್ ಎರಡನ್ನೂ ಮೊದಲು ಗಟ್ಟಿ ಮಾಡಿಕೊಂಡೆ. ಆಮೇಲೆ, ಇನ್‌ಪುಟ್ ದಿಢೀರನೆ ಬದಲಾದರೆ ಸಿಸ್ಟಮ್ ಹೇಗೆ ಸ್ಪಂದಿಸುತ್ತೆ ಅಂತ ನೋಡುವ ಸ್ಟೆಪ್ ರೆಸ್ಪಾನ್ಸ್ ಲೆಕ್ಕಗಳು ಮಾಮೂಲಿ ಅನ್ನಿಸಿದವು. ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್‌ನಲ್ಲೂ ಅದೇ ಲ್ಯಾಪ್ಲಾಸ್ ಬರುವುದರಿಂದ ಅದೂ ಜೊತೆಗೇ ಸುಧಾರಿಸಿತು. ಅಡಿಪಾಯ ಇಲ್ಲದ್ದರಿಂದ ಬಂದ ಕಷ್ಟಕ್ಕೆ ಆ ವಿಷಯವನ್ನೇ ಇನ್ನೂ ಹೆಚ್ಚು ಓದುವುದು ಮದ್ದಲ್ಲ. ಒಂದು ಮೆಟ್ಟಿಲು ಕೆಳಗೆ ಇಳಿಯಬೇಕು.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. 1988ರಲ್ಲಿ ನೆಲ್ಸನ್ ಮತ್ತು ಲಿಯೊನೆಸಿಯೊ ಅನ್ನುವ ಮನೋವಿಜ್ಞಾನಿಗಳು ಒಂದು ವಿಚಿತ್ರ ಗಮನಿಸಿದರು. ಓದುವವರಿಗೆ ಬೇಕಾದಷ್ಟು ಸಮಯ ಕೊಟ್ಟರೆ ಅವರು ಕಷ್ಟದ ಅಂಶಗಳ ಮೇಲೆ ಹೆಚ್ಚು ಹೊತ್ತು ಕಳೆಯುತ್ತಾರೆ. ಆದರೆ ಆ ಹೆಚ್ಚಿನ ಹೊತ್ತಿನಿಂದ ಸಿಗುವ ಲಾಭ ತೀರಾ ಕಡಿಮೆ. ಅವರು ಇದನ್ನು ವ್ಯರ್ಥ ಶ್ರಮ ಅಂತಲೇ ಕರೆದರು. ಅರ್ಥವಾಗದ ಪುಟವನ್ನು ಎದುರಿಗಿಟ್ಟುಕೊಂಡು ಗಂಟೆಗಟ್ಟಲೆ ಕೂತವರಿಗೆ ಇದೇನೂ ಹೊಸ ಸುದ್ದಿ ಅಲ್ಲ, ಅಲ್ವಾ?

ಹಾಗಾಗಿ ನಾನು ಇಡೀ ವಿಷಯಕ್ಕೆ ಕಷ್ಟ, ಸುಲಭ ಅಂತ ಹಣೆಪಟ್ಟಿ ಅಂಟಿಸುವುದನ್ನು ಬಿಟ್ಟು ಅಧ್ಯಾಯಗಳ ಲೆಕ್ಕ ಹಾಕಿದೆ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲೇ ನೋಡಿ. ಸಿಸ್ಟಮ್ ಸ್ಥಿರವಾಗಿದೆಯಾ ಅಂತ ನೋಡುವ ರೌತ್ ಟೇಬಲ್ ಬರೀ ಗುಣಾಕಾರ, ಭಾಗಾಕಾರ. ಬ್ಲಾಕ್ ಡಯಾಗ್ರಾಮ್ ಚಿಕ್ಕದು ಮಾಡುವುದಕ್ಕೆ ನಿಯಮಗಳಿವೆ, ಅಭ್ಯಾಸ ಮಾಡಿದರೆ ಬರುತ್ತೆ. ಅದೇ ಸ್ಥಿರತೆಯನ್ನು ನಕ್ಷೆ ಬರೆದು ನೋಡುವ ನೈಕ್ವಿಸ್ಟ್ ಮಾತ್ರ ನಿಜವಾದ ಬೆಟ್ಟ. ಇನ್ನೊಂದು ಕಡೆ, ಸುಲಭ ಅಂತ ಹೆಸರಾದ ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಲಾಜಿಕ್ ಸೂತ್ರವನ್ನು ಚೌಕಗಳಲ್ಲಿ ತುಂಬಿ ಚಿಕ್ಕದು ಮಾಡುವ ಕೆ-ಮ್ಯಾಪ್ ಆಟದ ಹಾಗಿದ್ದರೂ, ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಸೀಕ್ವೆನ್ಷಿಯಲ್ ಸರ್ಕ್ಯೂಟ್ ಡಿಸೈನ್‌ಗೆ ಬಂದರೆ ಬೆವರು ಬರುತ್ತೆ.

ಯಾವ ಅಧ್ಯಾಯ ನನಗೆ ಎಷ್ಟು ಕಷ್ಟ ಅಂತ ತಿಳಿಯುವುದು ಹೇಗೆ? ಪುಸ್ತಕ ತಿರುವಿ ನೋಡಿ ಹೇಳಲು ಹೋದರೆ ಮೋಸ ಹೋಗುತ್ತೇವೆ. ಓದಿದ್ದನ್ನೇ ಮತ್ತೆ ಓದುವಾಗ ಎಲ್ಲವೂ ಗೊತ್ತಿರುವಂತೆ ಕಾಣುತ್ತೆ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಮಾಡಿದ ಪ್ರಯೋಗ ಇಲ್ಲಿ ನೆನಪಾಗುತ್ತೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ್ದನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಮಾಡಿದಾಗ ನೆನಪಿನಿಂದ ಬರೆದವರು ಮುಂದೆ. ನಾನು ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಪುಸ್ತಕ ಮುಚ್ಚಿ, ಪ್ರತಿ ಅಧ್ಯಾಯದಿಂದ ಒಂದು ಪ್ರಶ್ನೆ ಬಿಡಿಸುತ್ತಿದ್ದೆ. ಪೂರ್ತಿ ಬಂದರೆ ಟಿಕ್. ಅರ್ಧಕ್ಕೆ ನಿಂತರೆ ಎಲ್ಲಿ ನಿಂತೆ ಅಂತ ಪಕ್ಕದಲ್ಲಿ ಒಂದು ಸಾಲು. ಶುರುವೇ ಆಗದಿದ್ದರೆ ಸೊನ್ನೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಅರ್ಧಕ್ಕೆ ನಿಂತವು. ಸ್ವಲ್ಪ ತಳ್ಳಿದರೆ ಆಚೆ ದಡ ಸೇರುವಂಥವು ಅವು.

ಇನ್ನು ದಿನದ ಕ್ರಮ. ತಲೆ ಚುರುಕಾಗಿರುವ ಹೊತ್ತು ನನಗೆ ಬೆಳಗ್ಗೆ. ಕೆಲವರಿಗೆ ರಾತ್ರಿ ಇರಬಹುದು. ಅದು ಅವರವರ ದೇಹಕ್ಕೆ ಬಿಟ್ಟದ್ದು, ಬೆಳಗ್ಗೆ ಎದ್ದೇ ಓದಬೇಕು ಅನ್ನುವ ಹಟ ನನಗಿಲ್ಲ. ಆ ಹೊತ್ತನ್ನು ಅರ್ಥ ಮಾಡಿಕೊಳ್ಳಬೇಕಾದ ಕಷ್ಟಕ್ಕೇ ಮೀಸಲಿಟ್ಟೆ. ಆದರೆ ಕೂತ ತಕ್ಷಣ ಅತಿ ಕಠಿಣ ಲೆಕ್ಕಕ್ಕೆ ಕೈ ಹಾಕುತ್ತಿರಲಿಲ್ಲ. ನಿನ್ನೆ ಬಿಡಿಸಿದ್ದ ಅದೇ ಅಧ್ಯಾಯದ ಒಂದು ಲೆಕ್ಕವನ್ನು ಮತ್ತೆ ಬಿಡಿಸಿ ಆಮೇಲೆ ಮುಂದಕ್ಕೆ ಹೋಗುತ್ತಿದ್ದೆ. ಬೇರೆ ಸುಲಭ ವಿಷಯದಿಂದ ಶುರು ಮಾಡಲು ನನಗೆ ಮನಸ್ಸಿರಲಿಲ್ಲ. ಸುಲಭ ವಿಷಯ ಬೇಗ ಮುಗಿಯುವುದಿಲ್ಲ. ಹೆಡಿಂಗ್‌ಗೆ ಬಣ್ಣ ಹಾಕು, ನೋಟ್ಸ್ ಚಂದ ಮಾಡು ಅಂತ ಬೆಳಗೆಲ್ಲ ನುಂಗಿಬಿಡುತ್ತೆ. ಅದೇ ವಿಷಯದೊಳಗಿನ ಸುಲಭ ಲೆಕ್ಕ ಹಾಗಲ್ಲ, ಅದು ಮುಂದಿನದಕ್ಕೆ ದಾರಿ ಮಾಡಿಕೊಡುತ್ತೆ.

ಸಿಕ್ಕಿಹಾಕಿಕೊಂಡಾಗ ಏನು ಮಾಡುತ್ತಿದ್ದೆ? ಎರಡು ಬೇರೆ ಬೇರೆ ದಾರಿಯಲ್ಲಿ ಪ್ರಯತ್ನಿಸಿಯೂ ಆಗದಿದ್ದರೆ ಬಿಟ್ಟು ಏಳುತ್ತಿದ್ದೆ. ಏಳುವ ಮೊದಲು ಎಲ್ಲಿ ನಿಂತೆ, ಮುಂದೆ ಏನು ಮಾಡಿ ನೋಡಬೇಕು ಅಂತ ಒಂದೆರಡು ಸಾಲು ಬರೆದಿಡುತ್ತಿದ್ದೆ. ಇದನ್ನು ಬರೆಯದೆ ಬೇರೆ ವಿಷಯ ಎತ್ತಿಕೊಂಡರೆ ಹಳೆಯ ಲೆಕ್ಕ ತಲೆಯಲ್ಲೇ ಗುಂಯ್‌ಗುಡುತ್ತೆ. ಅರ್ಧಕ್ಕೆ ಬಿಟ್ಟ ಕೆಲಸ ಮುಂದಿನ ಕೆಲಸದ ಗಮನವನ್ನು ತಿನ್ನುತ್ತದೆ ಅಂತ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಬರೆದಿಟ್ಟರೆ ತಲೆ ಅದನ್ನು ಹಿಡಿದುಕೊಂಡಿರಬೇಕಾಗಿಲ್ಲ. ಮಧ್ಯಾಹ್ನ ಅದೇ ಲೆಕ್ಕಕ್ಕೆ ಮರಳಿದಾಗ ಎಷ್ಟೋ ಸಲ ದಾರಿ ತಾನಾಗಿ ಕಾಣುತ್ತಿತ್ತು.

ನೆನಪಿಡಬೇಕಾದ್ದೆಲ್ಲ ಸಂಜೆಗೆ. ಮೈಕ್ರೋಕಂಟ್ರೋಲರ್‌ನ ಇನ್‌ಸ್ಟ್ರಕ್ಷನ್‌ಗಳು, ಮ್ಯಾನೇಜ್‌ಮೆಂಟ್‌ನ ಪಾಯಿಂಟ್‌ಗಳು, ವ್ಯಾಖ್ಯೆಗಳು. ಕಲಿತ ಮೇಲೆ ಎಚ್ಚರವಾಗಿ ಇದ್ದವರಿಗಿಂತ ನಿದ್ದೆ ಮಾಡಿದವರು ಕಡಿಮೆ ಮರೆಯುತ್ತಾರೆ ಅಂತ 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡ್ಯಾಲೆನ್‌ಬಾಕ್ ತೋರಿಸಿದ್ದರು. ಬೋರು ವಿಷಯಕ್ಕೆ ನಾನು ಸಮಯದ ಮಿತಿ ಹಾಕಿಕೊಳ್ಳುತ್ತಿದ್ದೆ. ಅರ್ಧ ಗಂಟೆ, ಅಷ್ಟೇ. ದಿನಾ ಸ್ವಲ್ಪ ಸ್ವಲ್ಪ. ಕಷ್ಟದ್ದರ ಹಿಂದೆ ಬಿದ್ದು ಸುಲಭದ್ದನ್ನು ತಿಂಗಳುಗಟ್ಟಲೆ ಮುಟ್ಟದೇ ಇರುವುದು ದೊಡ್ಡ ಅಪಾಯ. ನೆನಪು ಹೇಗೆ ಸೋರಿಹೋಗುತ್ತೆ ಅಂತ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಅಳೆದಿದ್ದ. ಸುಲಭ ವಿಷಯವೂ ಸೋರುತ್ತೆ. ನಡುನಡುವೆ ಬಿಡುವು ಕೊಟ್ಟು ಓದಿದ್ದು ಒಂದೇ ಬಾರಿಗೆ ಓದಿದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತೆ.

ಪರೀಕ್ಷೆ ಹತ್ತಿರ ಬಂದಾಗ ನಾನು ಈ ಕ್ರಮವನ್ನು ತಿರುಗಿಸಿಬಿಡುತ್ತಿದ್ದೆ. ಇದನ್ನು ಹೇಳಿದರೆ ಬಹಳ ಜನ ಹುಬ್ಬೇರಿಸುತ್ತಾರೆ. ಸೆಮಿಸ್ಟರ್ ಶುರುವಿನಲ್ಲಿ ಸಮಯ ಇದೆ, ಕಷ್ಟದ್ದಕ್ಕೆ ಇಳಿಯಬಹುದು. ಕೊನೆಯ ವಾರದಲ್ಲಿ ಸೊನ್ನೆ ಹಾಕಿದ ಅಧ್ಯಾಯದ ಹಿಂದೆ ಬಿದ್ದರೆ ಅದೂ ಬರುವುದಿಲ್ಲ, ಅರ್ಧ ಬಂದಿದ್ದೂ ಕೈತಪ್ಪುತ್ತೆ. ಜಾನೆಟ್ ಮೆಟ್‌ಕಾಫ್ 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಮಯ ಕಡಿಮೆ ಇದ್ದಾಗ ಜನ ಇನ್ನೂ ಬಾರದಿರುವವುಗಳಲ್ಲಿ ಸುಲಭದ್ದನ್ನು ಆರಿಸಿಕೊಂಡರು. ಸಮಯ ಹೆಚ್ಚಾದಂತೆ ಕಷ್ಟದ್ದರ ಕಡೆ ಹೋದರು. ನನಗೆ ಇದು ಸೋಮಾರಿತನ ಅನ್ನಿಸುವುದಿಲ್ಲ, ಸರಿಯಾದ ಲೆಕ್ಕಾಚಾರ ಅನ್ನಿಸುತ್ತೆ. ಕೊನೆಯ ವಾರದಲ್ಲಿ ನನ್ನ ಸಾಲು ಹೀಗೆ: ಮೊದಲು ಅರ್ಧ ಬಂದ ಅಧ್ಯಾಯಗಳು, ಆಮೇಲೆ ಟಿಕ್ ಹಾಕಿದವುಗಳ ಮೇಲೆ ಒಂದು ಕಣ್ಣು, ಸಮಯ ಉಳಿದರೆ ಸೊನ್ನೆಗಳು.

ಕ್ರೆಡಿಟ್, ಅಂದರೆ ಒಟ್ಟು ಸರಾಸರಿಯಲ್ಲಿ ಪ್ರತಿ ವಿಷಯಕ್ಕಿರುವ ತೂಕ ಕೂಡ ಲೆಕ್ಕಕ್ಕೆ ಬರುತ್ತೆ. ಒಟ್ಟು 20 ಕ್ರೆಡಿಟ್ ಇರುವ ಸೆಮಿಸ್ಟರ್‌ನಲ್ಲಿ 4 ಕ್ರೆಡಿಟ್ ವಿಷಯದಲ್ಲಿ ಒಂದು ಗ್ರೇಡ್ ಪಾಯಿಂಟ್ ಹೆಚ್ಚಾದರೆ ಸರಾಸರಿ 0.2 ಏರುತ್ತೆ. 2 ಕ್ರೆಡಿಟ್ ವಿಷಯದಲ್ಲಿ ಅಷ್ಟೇ ಹೆಚ್ಚಾದರೆ 0.1. ಎರಡೂ ಒಂದೇ ಶ್ರಮ ಕೇಳಿದರೆ ಯಾವುದು ಮೊದಲು ಅಂತ ಯೋಚಿಸಬೇಕಾಗಿಲ್ಲ. ಆದರೆ ಫೇಲ್ ಆಗುವ ಭಯ ಇರುವ ವಿಷಯಕ್ಕೆ ಈ ಗಣಿತ ಅನ್ವಯಿಸಬೇಡಿ. ಅದನ್ನು ಪಾಸಿನ ಗೆರೆ ದಾಟಿಸುವುದು ಎಲ್ಲಕ್ಕಿಂತ ಮೊದಲು, ಕ್ರೆಡಿಟ್ ಎಷ್ಟೇ ಇರಲಿ.

ನನ್ನ ರೂಮ್‌ಮೇಟ್ ಇದ್ಯಾವುದನ್ನೂ ಒಪ್ಪುತ್ತಿರಲಿಲ್ಲ. "ಮಗಾ, ಒಂದಾದರೂ ಮುಗಿದಿದೆ ಅನ್ನಿಸದಿದ್ದರೆ ನಂಗೆ ಕೂರೋಕೇ ಆಗಲ್ಲ ಕಣೋ" ಅನ್ನುತ್ತಿದ್ದ. ದಿನಾ ಸುಲಭದ್ದರಿಂದಲೇ ಶುರು. ಅವನ ಸಮಸ್ಯೆ ವಿಷಯದಲ್ಲಿರಲಿಲ್ಲ, ಕುರ್ಚಿಯಲ್ಲಿ ಕೂರುವುದರಲ್ಲಿತ್ತು. ಅದಕ್ಕೆ ಸುಲಭದ್ದು ಮೊದಲು ಅನ್ನುವುದು ಸರಿಯಾದ ಉತ್ತರವೇ. ಅವನು ಜಾಣತನದಿಂದ ಒಂದು ಕಟ್ಟು ಹಾಕಿಕೊಂಡಿದ್ದ. ಸುಲಭದ್ದಕ್ಕೆ ಮೊಬೈಲ್‌ನಲ್ಲಿ ಇಪ್ಪತ್ತೈದು ನಿಮಿಷದ ಅಲಾರಂ. ಅದು ಹೊಡೆದ ತಕ್ಷಣ, ವಾಕ್ಯ ಅರ್ಧಕ್ಕಿದ್ದರೂ ಸರಿ, ಆ ಪುಸ್ತಕ ಮುಚ್ಚಿ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ತೆಗೆಯುತ್ತಿದ್ದ. ಅಲಾರಂ ಇಡದ ದಿನ ಮಾತ್ರ ಅವನ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಪುಸ್ತಕ ಬ್ಯಾಗಿನಿಂದ ಹೊರಗೇ ಬರುತ್ತಿರಲಿಲ್ಲ.